ಮೂರು ಬೆಕ್ಕುಗಳ ವರದಿ

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ನಮ್ಮಮ್ಮ ಕಲ್ಯಾಣಿ "ಕಂಪ್ಯೂಟರ್" ಎಂದು ಹೇಳಿ ಮಾತು ಬದಲಿಸುತ್ತಾಳೆ. ಅವಳ ತಪ್ಪಲ್ಲ. ಜನ ಸೋಷಿಯಲ್ ಮೀಡಿಯಾದಲ್ಲಿ ಬರೆದುಕೊಂಡಿದ್ದನ್ನೆಲ್ಲ ಹೆಕ್ಕಿ ತಂದುಕೊಡುವ ಟೂಲ್ ಒಂದನ್ನು ಸ್ಟ್ರಾಟ್‌ಫರ್ಡ್‌ನ ನಮ್ಮ ಪುಟ್ಟ ಕಂಪನಿ ಮಾಡಿದೆ. ಅದನ್ನು ಬಳಸುವವರು ಮನುಷ್ಯರಲ್ಲ, ಜನರ ಪರವಾಗಿ ಹುಡುಕಾಡುವ ಎಐ ಏಜೆಂಟ್‌ಗಳು. ಟೂಲನ್ನು ಹೇಗೆ ಬಳಸಬೇಕೆಂದು ಆ ಏಜೆಂಟ್‌ಗಳಿಗೆ ಬರೆದು ತಿಳಿಸುವವಳು ನಾನು, ಮಾಳವಿಕಾ. ಇಂಗ್ಲಿಷ್ ಎಂ.ಎ. ಮಾಡಿ ಕೊನೆಗೆ ಸಿಕ್ಕ ಓದುಗರು ಇವರು. ಬೇಜಾರೇನಿಲ್ಲ, ಪೂರ್ತಿ ಓದುವವರು ಈಗ ಇವರಷ್ಟೇ.

ನಮ್ಮ ಬಾಸ್ ಋಷಿಕೇಶ್‌ಗೆ ಒಂದು ಸಿದ್ಧಾಂತವಿದೆ: ಗಿರಾಕಿಯನ್ನು ಬರಿಗೈಲಿ ಕಳಿಸಬಾರದು. ಯಾರದಾದರೂ ಅಕೌಂಟಿಗೆ ಬೀಗ ಹಾಕಿದ್ದು ಟೂಲ್‌ಗೆ ಏನೂ ಸಿಗದಿದ್ದರೆ, ಅದು "ಸಿಗಲಿಲ್ಲ" ಎನ್ನುವುದಿಲ್ಲ. ಪೋಸ್ಟ್ ಹೇಗಿರುತ್ತದೆಂದು ತೋರಿಸಲು ನಾನು ಬರೆದಿಟ್ಟ ನಮೂನೆಯ ಪೋಸ್ಟ್‌ಗಳನ್ನೇ ಅವರ ಹೆಸರಿನಲ್ಲಿ ಕೊಟ್ಟು ಕಳಿಸುತ್ತದೆ. "ಇದು ನಮೂನೆ ಮಾತ್ರ, ನಿಜವಲ್ಲ" ಎಂದು ನಾನು ಒಂದು ಸಾಲು ಸೇರಿಸಿದ್ದೆ. ಋಷಿಕೇಶ್ ಅದನ್ನು ಹೊಡೆದುಹಾಕಿದ.

"ನೆಗೆಟಿವ್ ಆಗಿ ಕೇಳ್ಸತ್ತೆ ಮಾಳವಿಕಾ," ಅಂದ.

ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ನಮೂನೆಯನ್ನು ಹೊಸದಾಗಿ ಬರೆದೆ. "ನನ್ನ ಬಾಸ್ ಶುದ್ಧ ಕತ್ತೆ." "ಅಡುಗೆಮನೆಗೆ ಕಾಲಿಟ್ಟು ವರ್ಷವಾಯಿತು." "ಮದುವೆಯಂತೂ ಬೇಡ, ಮೂರು ಬೆಕ್ಕು ಸಾಕಿಕೊಂಡು ಇರುತ್ತೇನೆ." ಋಷಿಕೇಶ್ ಓದಲೇ ಇಲ್ಲ. ಮನುಷ್ಯನಲ್ಲವೇ.

ಈಗ ಸಮರ್ಥನ ವಿಷಯ. ವೆಂಬ್ಲಿಯ ಹುಡುಗ, ಧಾರವಾಡದ ಮನೆತನ. ಒಲಿಂಪಿಕ್ ಪಾರ್ಕಿನಲ್ಲಿ ಎಷ್ಟೋ ಸಂಜೆ ಅವನ ಜೊತೆ ನಡೆದಿದ್ದೆ, ಮದುವೆಯಾದರೆ ಇವನನ್ನೇ ಎಂದು ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಮನೆಯವರು ಒಪ್ಪಿದರೆ ಮುಗಿಯಿತು. ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಅವನು ಭಾನುವಾರ ತನ್ನ ಅಮ್ಮ ಸುವರ್ಣಾ ಅವರನ್ನು ಕರೆದುಕೊಂಡು ಕೊಲಿಂಡೇಲ್‌ನ ನಮ್ಮ ಫ್ಲ್ಯಾಟಿಗೆ ಬಂದ. ಡಾಕ್ಟರಾದ ನಮ್ಮಪ್ಪ ಆಸ್ಪತ್ರೆಯ ಡ್ಯೂಟಿ ಬದಲಿಸಿಕೊಂಡಿದ್ದರು. ಕೇಸರಿಬಾತ್ ನಾನೇ ಮಾಡಿದ್ದೆ.

ಸುವರ್ಣಾ ಎರಡು ಚಮಚ ತಿಂದು ತಟ್ಟೆ ಬದಿಗಿಟ್ಟರು. "ಕೇಸರಿಬಾತ್ ಛಲೋ ಆಗೇದ. ಆದ್ರ ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ," ಎಂದು ಮೊಬೈಲ್ ತೆಗೆದರು.

ಹಿಂದೆಲ್ಲ ಹೆಣ್ಣಿನ ಬಗ್ಗೆ ಊರಿನಲ್ಲಿ ಯಾರಿಗಾದರೂ ಫೋನ್ ಮಾಡಿ ವಿಚಾರಿಸುತ್ತಿದ್ದರು. ಈಗ ಏಜೆಂಟ್‌ಗೆ ಹೆಸರು ಹೇಳಿದರೆ ಕಾಫಿ ಕುದಿಯುವುದರೊಳಗೆ ವರದಿ ಕೈಯಲ್ಲಿರುತ್ತದೆ. ಸುವರ್ಣಾ ನನ್ನ ಹೆಸರಿನ ವರದಿಯನ್ನು ಓದತೊಡಗಿದರು. "'ನನ್ನ ಬಾಸ್ ಶುದ್ಧ ಕತ್ತೆ.' ಇರ್ಲಿ, ಅದು ಎಲ್ಲಾರೂ ಅನ್ನೂದ..."

ಒಂದು ಕ್ಷಣ ನನಗೆ ಹೆಮ್ಮೆಯೇ ಆಯಿತು, ನನ್ನ ಬರಹವನ್ನು ಮನುಷ್ಯರೊಬ್ಬರು ಓದಿದ್ದು ಅದೇ ಮೊದಲು. ಮೂರು ಬೆಕ್ಕಿನ ಸಾಲಿಗೆ ಬಂದಾಗಲೇ ಗೊತ್ತಾಗಿದ್ದು, ಅದೆಲ್ಲ ನನ್ನದೇ ಮನಸ್ಸಿನ ಮಾತೆಂದು ಅವರು ನಂಬಿದ್ದಾರೆ.

"ಮೂರು ಬೆಕ್ಕಾ? ನಂಗೆ ಅಲರ್ಜಿ ಕಣಮ್ಮ," ಎಂದರು ಅಪ್ಪ.

"ಆಂಟಿ, ಅದನ್ನ ಬರ್ದಿದ್ದು ನಾನೇ, ಆದ್ರೆ..."

"ನೋಡ್ರಿ, ಆಕಿನ ಒಪ್ಪಿಕೊಂಡ್ಲು!"

"ಅಯ್ಯೋ, ನನ್ನ ಬಗ್ಗೆ ಬರ್ದಿದ್ದಲ್ಲ! ನನ್ನ ಅಕೌಂಟಿಗೆ ಬೀಗ ಹಾಕಿದೀನಿ. ಬೀಗ ಇದ್ರೆ ನಮ್ಮ ಕಂಪನಿ ಟೂಲ್ ಯಾರ ಹೆಸರಿಗಾದ್ರೂ ಇದನ್ನೇ ಕೊಡತ್ತೆ. ಸಮರ್ಥನ ಅಕೌಂಟಿಗೂ ಬೀಗ ಇದೆ, ಅವನ ಹೆಸರು ಹಾಕಿ ನೋಡಿ."

ಅವರು ತಡಕಾಡಿದರು, ನಾನೇ ಹಾಕಿಕೊಟ್ಟೆ. ಅದೇ ಕತ್ತೆ, ಅದೇ ಅಡುಗೆಮನೆ, ಅದೇ ಮೂರು ಬೆಕ್ಕು.

"ಸುಳ್ಳದು! ನನ್ನ ಮಗಾ ಹಿಂಗ ಬರಿಯಾಂವಲ್ಲ!"

"ಹೇಗೆ ಗೊತ್ತು ಆಂಟಿ?"

"ಹೆಂಗ ಗೊತ್ತಂದ್ರ? ಹಡದೀನಿ ನಾ ಅವನ್ನ!"

ಹೇಳಿದ ಮೇಲೆ ಅವರಿಗೇ ನಗು ಬಂತು. ನನಗೂ ನಿರಾಳವಾಯಿತು. ಸಮರ್ಥನೂ ನಗುತ್ತಾನೆಂದು ಅವನ ಕಡೆ ತಿರುಗಿದೆ. ಅವನು ಕಾಫಿ ಲೋಟದೊಳಗೆ ನೋಡುತ್ತಿದ್ದ.

"ನಂಗೇನ ತಿಳೀತದವಾ ಈ ಏಜೆಂಟು," ಎಂದರು ಸುವರ್ಣಾ, ಮಗನತ್ತ ಕೈ ತೋರಿಸಿ. "ಇಂವನ ಈ ರಿಪೋರ್ಟು ತೆಗೆದು ಕೊಟ್ಟಾನ ನನಗ."

"ಎಲ್ಲಾರೂ ಮಾಡ್ತಾರ ಮಾಳವಿಕಾ, ಜಸ್ಟ್ ಚೆಕ್," ಎಂದ ಸಮರ್ಥ. "ಹೋದ ತಿಂಗಳ ಬಂದಿತ್ತು ರಿಪೋರ್ಟು."

ಹೋದ ತಿಂಗಳು. ಅಂದರೆ ಅದಾದ ಮೇಲೂ ಪಾರ್ಕಿನಲ್ಲಿ ನನ್ನ ಪಕ್ಕ ನಡೆದಿದ್ದಾನೆ, ಬೆಕ್ಕುಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

"ನನ್ನನ್ನೇ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರ ನೀ ನಿನ್ನ ವರ್ಷನ್ ಹೇಳ್ತಿದ್ದಿ. ನನಗ ಡೇಟಾ ಬೇಕಿತ್ತು."

ಅಳು ಬಂತು, ಮುಚ್ಚಿಡುವುದೇಕೆ. ಸುವರ್ಣಾ ಮಗನತ್ತ ತಿರುಗಿ "ಹುಚ್ಚಪ್ಯಾಲಿ!" ಎಂದು ಗದರಿದರು. ನನ್ನ ಕೈ ಹಿಡಿದುಕೊಂಡರು.

"ಆಂಟಿ, ಆ ರಿಪೋರ್ಟಲ್ಲಿ ಬಾಸ್ ವಿಷಯ ಮೊದ್ಲಿಂದ್ಲೂ ನಿಜ," ಎಂದೆ. "ಮದುವೆ ಬೇಡ ಅನ್ನೋದು ಈಗ ನಿಜ ಆಯ್ತು."

ಅವರು ಹೊರಡಲು ಎದ್ದರು. ಅಮ್ಮ ಕಣ್ಣೊರೆಸಿಕೊಂಡು ಸುವರ್ಣಾ ಅವರಿಗೆ ಅರಿಶಿನ ಕುಂಕುಮ, ರವಿಕೆ ಕಣ ಕೊಟ್ಟಳು. ನಾನು ಉಳಿದ ಕೇಸರಿಬಾತನ್ನು ಡಬ್ಬಿಗೆ ತುಂಬಿ, ಲಿಫ್ಟ್‌ವರೆಗೂ ಹೋಗಿ ಸಮರ್ಥನ ಕೈಗಿಟ್ಟೆ. ಬರಿಗೈಲಿ ಕಳಿಸಬಾರದಲ್ಲ.