ಕಿವಿ ವಿಭಾಗದ ಸಾಲು

ನಾಳೆ ನನಗೆ ಸನ್ಮಾನ. ಮಾಜಿ ಸೈನಿಕರ ಆರೋಗ್ಯ ಇಲಾಖೆಯನ್ನು ಹನ್ನೆರಡು ವರ್ಷ ನಡೆಸಿದೆ. ಆಸ್ಪತ್ರೆಗಳಲ್ಲಿ ಕಾಯುವವರ ಸಾಲು ಕರಗಿಸಿದವಳು ಅಂತ ಹೆಸರು ಬಂತು. ಕಿವಿ ವಿಭಾಗದಲ್ಲಂತೂ ಹನ್ನೊಂದು ತಿಂಗಳು ಕಾಯಬೇಕಿದ್ದದ್ದು ಮೂರು ವಾರಕ್ಕಿಳಿಯಿತು. ಭಾಷಣದಲ್ಲಿ ಅದನ್ನೇ ಮೊದಲು ಬರೆದುಕೊಂಡಿದ್ದೆ. ನನ್ನ ಬೆನ್ನು ನಾನೇ ತಟ್ಟಿಕೊಳ್ಳಲು ಯಾರ ಅಪ್ಪಣೆ ಬೇಕು?

ರೋಗಿಗಳ ಬಾಯಿಂದಲೂ ನಾಲ್ಕು ಒಳ್ಳೆಯ ಮಾತು ಸಿಗಲಿ ಎಂದು ಇವತ್ತು ಬೆಳಿಗ್ಗೆ ಆ ವಿಭಾಗಕ್ಕೇ ಹೋದೆ. ಬೆಂಚಿನ ಮೇಲೆ ಭಾವ ಕೂತಿದ್ದರು, ಅಕ್ಕನ ಗಂಡ. ಫಿರಂಗಿ ದಳದಲ್ಲಿ ಇಪ್ಪತ್ತೆರಡು ವರ್ಷ ಗುಂಡು ಹಾರಿಸಿದವರು. "ಇವರ ಹತ್ರ ಮಾತಾಡಿ ಮಾತಾಡಿ ನನ್ನ ಗಂಟಲೇ ಹೋಯ್ತು" ಅಂತ ಅಕ್ಕ ಎರಡು ವರ್ಷದಿಂದ ಹೇಳುತ್ತಿದ್ದಳು. ಹೆಸರು ಬರೆಸಿದ್ದಾರಲ್ಲ, ಸರದಿ ಬರುತ್ತೆ ಬಿಡು ಎಂದು ನಾನು ನಕ್ಕಿದ್ದೆ.

ಭಾವನ ಸರದಿ ಯಾವಾಗ ಎಂದು ಕೌಂಟರಿನ ಗುಮಾಸ್ತೆಯನ್ನು ಕೇಳಿದೆ.

"ಇವರ ಹೆಸರು ಪಟ್ಟಿಯಲ್ಲಿಲ್ಲ ಮೇಡಂ. ಮೂರು ಸಲ ಫೋನ್ ಮಾಡಿದ್ವಿ, ಎತ್ತಲಿಲ್ಲ. ತೆಗೆದುಬಿಟ್ವಿ."

"ಕಿವಿ ಕೇಳಿಸದವರಿಗೆ ಫೋನಾ?"

"ಸುತ್ತೋಲೆ ತಮ್ಮದೇ ಅಲ್ವಾ ಮೇಡಂ? ಎಲ್ಲಾ ವಿಭಾಗಕ್ಕೂ ಅಂತ ಇತ್ತು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಹೀಗೆ ಎಷ್ಟು ಜನ ಎಂದೆ. ನೋಡಿ ಹೇಳಿದಳು, ನಾನೂರ ಹದಿನಾರು.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕಿವುಡರ ಮನೆಯಲ್ಲಿ ಗಂಟೆ ಬಾರಿಸಿ, ಓಗೊಡಲಿಲ್ಲವೆಂದು ಅವರನ್ನೇ ಹೊರಗೆ ಹಾಕಿದ್ದೆ. ಅದಕ್ಕೆ ನಾಳೆ ಶಾಲು ಹೊದಿಸಿಕೊಳ್ಳುವವಳಿದ್ದೆ.

ಅಷ್ಟರಲ್ಲಿ ಭಾವ ನನ್ನನ್ನು ನೋಡಿ ಎದ್ದು ಬಂದರು. "ತಪ್ಪು ನಂದೇ ನೋಡಮ್ಮ," ಎಂದರು ಗಟ್ಟಿಯಾಗಿ. "ಫೋನ್ ಬಂದಿತ್ತಂತೆ, ನಾನು ಗಮನಿಸ್ಲಿಲ್ಲ. ನಿನ್ನ ಹೆಸರು ಹೇಳಿ ನುಗ್ಗೋಕೆ ಬಂದಿಲ್ಲ. ಹೊಸದಾಗಿ ಬರೆಸ್ತೀನಿ."

ಅವರ ಕಿವಿಯ ಹತ್ತಿರ ಬಗ್ಗಿದೆ. "ಇಲ್ಲ ಭಾವ, ತಪ್ಪು ನಂದು."

"ಆಂ?"

ದನಿ ಸ್ವಲ್ಪ ಏರಿಸಿದೆ.

"ಏನಂದೆ?"

ಸುತ್ತ ಮೂವತ್ತು ಜನರಿದ್ದರು. ಫೋಟೋ ತೆಗೆಯಲು ನಾನೇ ಕರೆತಂದವನೂ ಪಕ್ಕದಲ್ಲಿದ್ದ. ಭಾಷಣದ ಹಾಳೆಯ ಹಿಂದೆ ಬರೆದು ತೋರಿಸಿದರಾಯಿತು ಅಂದುಕೊಂಡು ಪೆನ್ನು ತೆಗೆದೆ. ಚೀಟಿಯಾದರೆ ಮಡಚಿ ಜೇಬಿಗಿಡಬಹುದು, ಮಾನ ಉಳಿಯುತ್ತದೆ. ಆ ಲೆಕ್ಕಾಚಾರ ತಲೆಗೆ ಬಂದದ್ದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಪೆನ್ನು ಒಳಗಿಟ್ಟೆ.

"ಭಾವ, ನಿಮ್ಮ ಹೆಸರು ಹೊಡೆದು ಹಾಕಿಸಿದ್ದು ನಾನು," ಎಂದು ಕೂಗಿದೆ. "ನಿಮ್ಮಂಥ ನಾನೂರು ಜನರದ್ದು. ಫೋನ್ ಎತ್ತದವರನ್ನ ತೆಗೀರಿ ಅಂತ ಬರೆದವಳು ನಾನೇ. ನೀವು ಯಾರೂ ತಪ್ಪು ಮಾಡಿಲ್ಲ."

ಗುಮಾಸ್ತೆ ತಲೆ ತಗ್ಗಿಸಿದಳು. ಭಾವ ನನ್ನ ಮುಖವನ್ನೇ ನೋಡುತ್ತ ನಿಂತರು. ಈ ಸಲ ಅವರಿಗೆ ಮುಟ್ಟಿತ್ತು.

ಬೆಂಚಿನ ಕೊನೆಯಲ್ಲಿದ್ದ ಮುದುಕರೊಬ್ಬರು ಕಿವಿಗೆ ಕೈಯಾನಿಸಿ ಪಕ್ಕದವರನ್ನು ಕೇಳಿದರು, "ಏನಂತೆ? ಆಯಮ್ಮ ಏನಂದ್ರು?" ಪಕ್ಕದವರು ತಮಗೂ ಗೊತ್ತಾಗಲಿಲ್ಲವೆಂದು ತಲೆಯಾಡಿಸಿದರು.

ಭಾವ ಅವರತ್ತ ನೋಡಿದರು, ಆಮೇಲೆ ನನ್ನತ್ತ.

"ಅವರಿಗೆ ಕೇಳಿಸಿಲ್ಲ," ಎಂದರು. "ಹತ್ರ ಹೋಗಿ ಇನ್ನೊಂದ್ಸಲ ಹೇಳು."