ಸೀಮೆಸುಣ್ಣದ ಗುರುತು

ನೋಲಾ ಪೆಂಗಲಿ ಕರವಸ್ತ್ರದ ತುದಿಯನ್ನು ಎಂಜಲಲ್ಲಿ ಒದ್ದೆ ಮಾಡಿಕೊಂಡು ಗೋಡೆಯ ಮೇಲಿದ್ದ ಅಪ್ಪನ ಹೆಸರನ್ನು ಉಜ್ಜುತ್ತಿದ್ದಳು.

"ಅದು ಎಣ್ಣೆ ಬಣ್ಣ, ಮೇಡಂ. ಒರೆಸಿದ್ರೆ ಹೋಗಲ್ಲ," ಎಂದು ಹಿಂದಿನಿಂದ ಯಾರೋ ಹೇಳಿದರು. ಸ್ಮಾರಕ ಸಮಿತಿಯ ಗ್ಲೆನ್. ಗಣಿ ಮುಚ್ಚಿದ ಮೇಲೆ ಹುಟ್ಟಿದವನು, ಕೊರಳಲ್ಲಿ ಹೆಸರಿನ ಬಿಲ್ಲೆ ತೂಗುಹಾಕಿಕೊಂಡಿದ್ದ.

"ಗೊತ್ತು. ಆದ್ರೂ ಉಜ್ತೀನಿ."

ಗುಡ್ಡದ ಮೇಲಿನ ಈ ಗಣಿ ಊರಾದ ಕ್ಯಾಲನ್ ಟಾಪ್‌ನಲ್ಲಿ ಈಗ ನೆಟ್ಟಗೆ ನಿಂತಿರುವುದು ಕಾರ್ಮಿಕರ ಸಂಘದ ಈ ಹಾಲ್ ಒಂದೇ. ಉಳಿದದ್ದೆಲ್ಲ ಮಂಜಿನಲ್ಲಿ ಅಲ್ಲೊಂದು ಇಲ್ಲೊಂದು ಹೊಗೆಗೂಡು. ಹಾಲ್‌ನ ಹಿಂಗೋಡೆಯ ಮೇಲೆ 'ದ್ರೋಹಿಗಳು' ಎಂಬ ತಲೆಬರಹ, ಅದರ ಕೆಳಗೆ ಏಳು ಹೆಸರು. ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮರು ಅದರ ಮೇಲೆ ಸುಣ್ಣ ಬಳಿದಿದ್ದರು. ಹಳೆಯ ಊರಿನವರನ್ನೆಲ್ಲ ಒಂದು ದಿನ ಸೇರಿಸಬೇಕೆಂದು ಹೊರಟ ಸಮಿತಿ ಆ ಸುಣ್ಣ ಕೆರೆದು, ಅಕ್ಷರ ಅಕ್ಷರಕ್ಕೂ ಹೊಸ ಕೆಂಪು ಬಣ್ಣ ತುಂಬಿಸಿತ್ತು. ಪತ್ರಿಕೆಯಲ್ಲಿ ಅದರ ಚಿತ್ರ ನೋಡಿದ ನೋಲಾ ತಿಂಡಿಯ ತಟ್ಟೆಯನ್ನು ಆಚೆ ತಳ್ಳಿದಳು. ಆರು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ಕೊನೆಯ ಮುಕ್ಕಾಲು ಗಂಟೆ ಬೆಟ್ಟದ ತಿರುವುಗಳಲ್ಲಿ ಎರಡನೇ ಗೇರು ಬಿಟ್ಟಿರಲಿಲ್ಲ, ಬೈಯುವುದನ್ನೂ ಬಿಟ್ಟಿರಲಿಲ್ಲ.

"ಇದಕ್ಕೆ ಬಣ್ಣ ಹೊಡೀರಿ ಅಂತ ಯಾರು ಹೇಳಿದ್ರು ನಿಮ್ಗೆ?"

"ಇತಿಹಾಸ ಅಲ್ವಾ ಮೇಡಂ. ಅಡಿಯಲ್ಲಿ ಏನಿತ್ತೋ ಅದನ್ನೇ ಮಾಡಿದೀವಿ."

"ಅಡಿಯಲ್ಲಿದ್ದದ್ದು ಸುಳ್ಳು. ನಮ್ಮಪ್ಪ ಸಂಘದ ಗುರುತು ಹಾಕಿಸ್ಕೊಂಡೇ ಗಣಿ ಒಳಗೆ ಹೋಗಿದ್ದು."

ಗ್ಲೆನ್ ಕೆಟ್ಟವನೇನಲ್ಲ. ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸಿದ. "ನಿಮ್ಮನೆಯವರಲ್ಲದೆ ಅದನ್ನ ಕಂಡವರು ಯಾರಾದ್ರೂ ಎಲ್ಲರ ಎದುರಿಗೆ ಹೇಳ್ಲಿ, ನಾನೇ ಬಿಳಿ ಬಣ್ಣದ ಡಬ್ಬ ತಂದು ಅಳಿಸ್ತೀನಿ. ಆದ್ರೆ ಆಗ ಸಂಘದಲ್ಲಿದ್ದವರು ಅಂತ ಉಳಿದಿರೋದು ಡಗಲ್ ಡನ್‌ಬಾರ್ ಒಬ್ರೇ. ಇವತ್ತಿನ ಭಾಷಣ ಅವರದ್ದೇ. ಅಡುಗೆಮನೇಲಿ ಇದಾರೆ ನೋಡಿ."

ನೋಲಾ ಕರವಸ್ತ್ರವನ್ನು ಮುದುರಿ ಜೇಬಿಗೆ ತುರುಕಿದಳು. ಅವಳಿಗೆ ಬೇಕಾಗಿದ್ದವನೂ ಅವನೇ.

ಐವತ್ತನಾಲ್ಕು ವರ್ಷದ ಹಿಂದಿನ ಮಾತು. ಮುಷ್ಕರದ ಒಂಬತ್ತನೇ ವಾರ. ಗಣಿಯ ಒಳಗಿನ ಲಾಯದಲ್ಲಿ ಹತ್ತೊಂಬತ್ತು ಕುದುರೆಗಳಿದ್ದವು, ಅವನ್ನು ನೋಡಿಕೊಳ್ಳುವವನು ವಿಲ್ಫ್ ಪೆಂಗಲಿ. ಮುಷ್ಕರವಿದ್ದರೂ ನೀರೆತ್ತುವವನು, ಕುದುರೆ ನೋಡುವವನು ಇಂಥವರು ಒಳಗೆ ಹೋಗಲೇಬೇಕಲ್ಲ. ಅವರ ಟೋಪಿಯ ಮೇಲೆ ಸಂಘದ ಕಾರ್ಯದರ್ಶಿ ಸೀಮೆಸುಣ್ಣದಿಂದ ಅಡ್ಡ ಒಂದು, ಉದ್ದ ಒಂದು ಗೀರು ಹಾಕುತ್ತಿದ್ದ. ಗೀರಿದ್ದವನನ್ನು ಯಾರೂ ತಡೆಯುತ್ತಿರಲಿಲ್ಲ. ವರ್ಷಕ್ಕೆ ಇನ್ನೂರೈವತ್ತು ದಿನ ಮಳೆ ಹೊಡೆಯುವ ಗುಡ್ಡದ ಮೇಲೆ ಗುರುತಿಗೆ ಸೀಮೆಸುಣ್ಣ ಆರಿಸಿಕೊಂಡ ಜಾಣರು ನಮ್ಮವರು. ಊರಲ್ಲಿ ಒಬ್ಬರ ಮಾತು ಇನ್ನೊಬ್ಬರು ನಂಬುತ್ತಿದ್ದಷ್ಟು ದಿನ ಅದು ಸಾಕಾಗಿತ್ತು.

ಆ ವಾರ ಸಂಘದವರು ಸಿಟ್ಟಿನ ಭರದಲ್ಲಿ ಇನ್ನು ಯಾರಿಗೂ ಗುರುತಿಲ್ಲ ಎಂದು ತೀರ್ಮಾನಿಸಿದರು. ನಾಲ್ಕನೆಯ ದಿನ ಬೆಳಿಗ್ಗೆ ಕಾರ್ಯದರ್ಶಿ ಡಗಲ್ ತಾನಾಗಿಯೇ ವಿಲ್ಫ್‌ನ ಬಾಗಿಲಿಗೆ ಬಂದು, ಅವನ ಟೋಪಿಯ ಮೇಲೆ ಗೀರೆಳೆದು ಹೋದ. ಎಂಟು ವರ್ಷದ ನೋಲಾ ಅಪ್ಪನ ಕಾಲ ಹಿಂದೆ ನಿಂತು ಅದನ್ನು ನೋಡಿದಳು. ವಿಲ್ಫ್ ಒಳಗೆ ಹೋಗಿ ಮೇವು ನೀರು ಕೊಟ್ಟು ಹೊರಗೆ ಬಂದಾಗ ನಲವತ್ತು ಜನ ಗಣಿಯ ಬಾಯಲ್ಲಿ ನಿಂತಿದ್ದರು. ಹೋಗುವಾಗಲೇ ಮಳೆ ಟೋಪಿಯನ್ನು ತೊಳೆದುಬಿಟ್ಟಿತ್ತು. "ಡಗಲ್‌ನ ಕೇಳಿ," ಎಂದ ವಿಲ್ಫ್. ಕೇಳಿದರು. "ನಾನು ಯಾರಿಗೂ ಗುರುತು ಹಾಕಿಲ್ಲ," ಎಂದ ಡಗಲ್. ಮಗಳು ಕಂಡದ್ದನ್ನು ಕೇಳುವವರು ಯಾರೂ ಇರಲಿಲ್ಲ.

ಆಮೇಲೆ ಬೆನ್ನುಗಳು. ನಮ್ಮಲ್ಲಿ ದ್ರೋಹಿಯನ್ನು ಹೊಡೆಯುವುದಿಲ್ಲ, ಬೈಯುವುದಿಲ್ಲ. ಅವನು ಕಂಡರೆ ಬೆನ್ನು ತಿರುಗಿಸುತ್ತೇವೆ. ಅಂಗಡಿಯವನು ಕಪಾಟಿನ ಕಡೆ ತಿರುಗಿದ, ಪಾದ್ರಿಯ ಹೆಂಡತಿ ಬೇಲಿಯ ಕಡೆ ತಿರುಗಿದಳು. ಶಾಲೆಯಲ್ಲಿ ನೋಲಾಳ ಪಕ್ಕ ಕೂರುತ್ತಿದ್ದ ಮೆರ್ಲ್ ತನ್ನ ಕುರ್ಚಿಯನ್ನೇ ತಿರುಗಿಸಿಕೊಂಡು ಕೂತಳು. ಮೆರ್ಲ್ ಡಗಲ್‌ನ ಮಗಳು. ಮೂರು ತಿಂಗಳಿಗೆ ಪೆಂಗಲಿ ಮನೆಯವರು ಮಂಚ, ಒಲೆ ಎಲ್ಲವನ್ನೂ ಕಲ್ಲಿದ್ದಲಿನ ಬಂಡಿಗೆ ಹೇರಿ ಗುಡ್ಡ ಇಳಿದರು. ಕೆಳಗಿನ ಊರಿನ ಕಸಾಯಿಖಾನೆಯಲ್ಲಿ ವಿಲ್ಫ್‌ಗೆ ಕೆಲಸ ಸಿಕ್ಕಿತು. ಮೂರೇ ವಾರಕ್ಕೆ ಅಲ್ಲಿಗೂ ಸುದ್ದಿ ತಲುಪಿತು. ಸಾಯುವವರೆಗೂ ಅವನ ಕೋಟಿನ ಜೇಬಲ್ಲಿ ನೀರಿಗೆ ಅಳಿಸದ ನೇರಳೆ ಪೆನ್ಸಿಲು ಒಂದು ಇರುತ್ತಿತ್ತು. ಅದರಲ್ಲಿ ಅವನು ಏನನ್ನೂ ಬರೆದದ್ದನ್ನು ನೋಲಾ ಕಂಡಿರಲಿಲ್ಲ.

ಅಡುಗೆಮನೆಯಲ್ಲಿ ಡಗಲ್ ಗಾಲಿಕುರ್ಚಿಯಲ್ಲಿ ಕೂತು ಮಾಂಸದ ಕಡುಬು ತಿನ್ನುತ್ತಿದ್ದ. ಮೆರ್ಲ್ ಆಚೆ ಮೇಜಿನ ಹತ್ತಿರ ಕೇಕು ಕತ್ತರಿಸುತ್ತಿದ್ದಳು.

"ಮಿಸ್ಟರ್ ಡನ್‌ಬಾರ್, ನಾನು ವಿಲ್ಫ್ ಪೆಂಗಲಿ ಮಗಳು."

ಮುದುಕ ಬಾಯಲ್ಲಿದ್ದದ್ದನ್ನು ನುಂಗಿದ. "ಕುದುರೆ ವಿಲ್ಫ್?"

"ಅವರೇ. ಗೋಡೆ ಮೇಲೆ ಅಷ್ಟು ಚೆನ್ನಾಗಿ ಬರೆಸಿದೀರಲ್ಲ."

"ನಾನೆಲ್ಲಿ ಬರೆಸ್ದೆ ಹುಡುಗಿ? ಅದೆಲ್ಲ ಈಗಿನ ಹುಡುಗ್ರ ಕೆಲ್ಸ."

"ನಮ್ಮನೆ ಬಾಗಿಲಲ್ಲಿ ಟೋಪಿ ಮೇಲೆ ಗೀರು ಹಾಕಿ, ಬೆರಳಿಗೆ ಅಂಟಿದ್ದ ಸುಣ್ಣನ ಪ್ಯಾಂಟಿಗೆ ಒರೆಸ್ಕೊಂಡ್ರಿ. ನಾನು ಅಲ್ಲೇ ನಿಂತಿದ್ದೆ."

ಕೇಕಿನ ಚಾಕು ನಿಂತಿತು. ಡಗಲ್ ಬಾಗಿಲ ಕಡೆ ನೋಡಿ ದನಿ ಇಳಿಸಿದ.

"ಹಾಕ್ದೆ. ಮೂರು ದಿನದಿಂದ ಕುದುರೆಗಳಿಗೆ ಮೇವಿರ್ಲಿಲ್ಲ. ಗಣಿಗೆ ಗಾಳಿ ಬಿಡೋ ಬಾವಿಯಿಂದ ಅವುಗಳ ಕೂಗು ಕೇಳಿಸ್ತಿತ್ತು. ನಂಗೂ ತಡೆಯೋಕಾಗ್ಲಿಲ್ಲ."

"ಮತ್ತೆ ಯಾಕೆ ಇಲ್ಲ ಅಂದ್ರಿ?"

"ನಲವತ್ತು ಜನ, ಹುಡುಗಿ. ಕಾರ್ಯದರ್ಶಿನೇ ಮಾತು ಮುರಿದ ಅಂದ್ರೆ ಮುಷ್ಕರ ಅಲ್ಲೇ ಒಡೆದು ಹೋಗ್ತಿತ್ತು. ಒಬ್ಬನ ಹೆಸ್ರು ಹೋಯ್ತು, ಊರು ಉಳೀತು."

"ಯಾವ ಊರು? ಹೊರಗೆ ಹೋಗಿ ತೋರ್ಸಿ ನಂಗೆ, ಯಾವ ಊರು ಉಳೀತು?" ನೋಲಾಗೆ ಆ ಕಡುಬಿನ ತಟ್ಟೆಯನ್ನು ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. "ಅದಾಗಿ ನಾಲ್ಕೇ ದಿನಕ್ಕೆ ಮುಷ್ಕರ ಮುಗೀತು. ಐದನೇ ದಿನ ಹೇಳ್ಬಹುದಿತ್ತಲ್ಲ? ಆಮೇಲೆ ನಮ್ಮಪ್ಪ ಮೂವತ್ತೊಂದು ವರ್ಷ ಬದುಕಿದ್ರು. ಒಂದು ಕಾಗದ ಬರೀಬಹುದಿತ್ತಲ್ಲ?"

"ಒಂದ್ಸಲ ಹೇಳಿದ ಸುಳ್ಳು ದಿನ ಹೋದ ಹಾಗೆ ಭಾರ ಆಗತ್ತೆ. ನಂಗೆ ಎಂಬತ್ತೊಂಬತ್ತು. ನಾನು ಹೋದ್ಮೇಲೆ ಏನಾದ್ರೂ ಬರ್ಕೊಳ್ಳಿ."

"ಆಗಲ್ಲ. ಇವತ್ತಿನ ಭಾಷಣದಲ್ಲೇ ಹೇಳ್ಬೇಕು. 'ವಿಲ್ಫ್‌ಗೆ ಗುರುತು ಹಾಕಿದ್ದು ನಾನು.' ಅಷ್ಟೇ. ಜಾಸ್ತಿ ಏನೂ ಬೇಡ."

"ನೋಡೋಣ," ಎಂದು ಡಗಲ್ ತಟ್ಟೆಯ ಕಡೆ ತಿರುಗಿದ.

ಮೆರ್ಲ್ ಚಾಕುವನ್ನು ಒರೆಸಿದಳು, ಮತ್ತೆ ಒರೆಸಿದಳು.

ಹನ್ನೆರಡು ಗಂಟೆಗೆ ಹಾಲ್ ತುಂಬಿತು. ನೋಲಾ ಕೊನೆಯ ಸಾಲಿನಲ್ಲಿ, ಕೆಂಪು ಅಕ್ಷರಗಳಿಗೆ ಬೆನ್ನು ಹಾಕಿ ಕೂತಳು. ಡಗಲ್ ಒಂದು ಕೈಯಲ್ಲಿ ಮೈಕು, ಒಂದು ಕೈಯಲ್ಲಿ ಭಾಷಣದ ಹಾಳೆ ಹಿಡಿದಿದ್ದ. ಎರಡನೇ ಹಾಳೆ ಪಕ್ಕದಲ್ಲಿ ನಿಂತ ಮೆರ್ಲ್‌ಳ ಕೈಯಲ್ಲಿತ್ತು. ಮುದುಕ ಚೆನ್ನಾಗಿಯೇ ಮಾತಾಡಿದ. ಹಿಮಕ್ಕೆ ಹೆಪ್ಪುಗಟ್ಟುತ್ತಿದ್ದ ಹಾಲಿನ ಡಬ್ಬಗಳು, ಊರಿನ ಬ್ಯಾಂಡು, ಪಂದ್ಯ ಸೋತು ಬಂದವರಿಗೂ ಊಟ ಹಾಕುತ್ತಿದ್ದ ಹೆಂಗಸರು. ಜನ ನಕ್ಕರು, ಕೆಲವರು ಕಣ್ಣು ಒರೆಸಿಕೊಂಡರು. ಆಮೇಲೆ ಮುಷ್ಕರ ಬಂತು.

"ಮುನ್ನೂರು ಜನ ಒಂದು ಮುಷ್ಟಿ ಹಾಗೆ ಇದ್ವಿ," ಎಂದ ಡಗಲ್. "ಏಳು ಜನ ಬಿಟ್ಟು. ಅವರ್ಯಾರು ಅಂತ ನಾನು ಹೇಳ್ಬೇಕಾಗಿಲ್ಲ, ಗೋಡೆ ಹೇಳತ್ತೆ."

ಚಪ್ಪಾಳೆ ಬಿತ್ತು. ನೋಲಾ ಎದ್ದು ನಿಂತಳು. ಕುರ್ಚಿಯನ್ನು ಎತ್ತಿ, ಗೋಡೆಯ ಕಡೆಗೆ ತಿರುಗಿಸಿ, ಹಲಗೆಯ ನೆಲಕ್ಕೆ ಕುಕ್ಕಿ, ಕೂತಳು. ಡಗಲ್‌ಗೆ ಈಗ ಕಾಣುತ್ತಿದ್ದದ್ದು ಅವಳ ಬೆನ್ನು.

ಅರವತ್ತು ದಾಟಿದವರಿಗೆಲ್ಲ ಅದು ಏನೆಂದು ಗೊತ್ತಿತ್ತು. ಚಪ್ಪಾಳೆ ಅಲ್ಲಲ್ಲಿ ನಿಂತು, ಪೂರ್ತಿ ನಿಂತಿತು. ನೋಲಾ ಅಪ್ಪನ ಹೆಸರನ್ನೇ ನೋಡುತ್ತ ಕೂತಳು. ಹಿಂದಿನಿಂದ ಹೆಜ್ಜೆಯ ಸದ್ದು ಬಂತು, ನಿಧಾನವಾಗಿ, ಇಡೀ ಹಾಲ್‌ನ ಉದ್ದಕ್ಕೂ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಕಿರ್ರೆಂದು ತಿರುಗಿತು. ನೋಲಾ ತಲೆ ಹೊರಳಿಸಲಿಲ್ಲ. ಅವಳ ಕಣ್ಣಿಗೆ ಬಿದ್ದದ್ದು ಒಂದು ಮಡಿಲು, ಆ ಮಡಿಲಲ್ಲಿ ಎರಡು ಕೈಗಳು ನಾಲ್ಕಾಗಿ ಮಡಚುತ್ತಿದ್ದ ಹಾಳೆ.

"ಮೆರ್ಲ್," ಎಂದಿತು ಮೈಕು. "ಎರಡನೇ ಹಾಳೆ ಕೊಡು."

ಮಡಿಲಲ್ಲಿದ್ದ ಕೈಗಳು ಹಾಳೆಯನ್ನು ಇನ್ನೊಂದು ಸಲ ಮಡಚಿದವು.

"ಮೆರ್ಲ್."