ಕಿವಿಯಿಂದ ಬರೆಯುವವರು

ಕಾರು ಶೋರೂಮಿನ ಗೋಡೆಯ ಮೇಲೆ, ಹೆಸರು ಬರೆಯಲು ದಾರ ಎಳೆದು ಸೀಮೆಸುಣ್ಣದ ಎರಡು ಗೆರೆ ಹಾಕಿಯಾಗಿತ್ತು. ಏಣಿಯ ಬುಡದಲ್ಲಿ ಅಪ್ಪ ಎಂದಿನಂತೆ ಕಣ್ಣು ಮುಚ್ಚಿ ನಿಂತರು.

“ಈಗ ಹೇಳಿ ಸಾರ್. ಹೊಸ ಕಾರಿನ ಹೆಸರೇನು?”

ಶೋರೂಮಿನ ಮ್ಯಾನೇಜರ್ ಕಾಗದ ಚಾಚಿದರು. “ಇದರಲ್ಲೇ ಇದೆಯಲ್ಲ, ನೋಡಿ ಬರೀರಿ.”

“ನೋಡಿ ಬರೆಯೋಕೆ ಸ್ಟಿಕ್ಕರ್‌ನೋರಿದ್ದಾರೆ. ನಾನು ಕಿವಿಯಿಂದ ಬರೆಯೋನು.”

ನಲವತ್ತು ವರ್ಷದಿಂದ ಅಪ್ಪನ ಪದ್ಧತಿಯೇ ಅದು. ಕರೆಯುವವರ ಬಾಯಲ್ಲಿ ಕೇಳದೆ ಯಾವ ಹೆಸರಿಗೂ ಬಣ್ಣ ಹಚ್ಚಿದವರಲ್ಲ. ಡಬ್ಬ ಹಿಡಿದು ಹಿಂದೆ ನಿಂತಿದ್ದ ಮಗಳಿಗೆ ಮಾತ್ರ ಇವತ್ತು ಈ ಕೇಳುವುದು ಮುಗಿಯದೇ ಇರಲಿ ಅನ್ನಿಸುತ್ತಿತ್ತು. ಅಪ್ಪನ ಬಲಗೈ ನಡುಗಲು ಶುರುವಾಗಿ ಎಂಟು ತಿಂಗಳು. ಬೋರ್ಡುಗಳನ್ನೆಲ್ಲ ಶೆಡ್ಡಿನಲ್ಲಿ ಅವಳೇ ಬರೆಯುತ್ತಿದ್ದಳು; ಕೆಳಗೆ ಸಹಿ ಅಪ್ಪನದು. ಆದರೆ ಗೋಡೆಯನ್ನು ಶೆಡ್ಡಿಗೆ ಹೊತ್ತೊಯ್ಯಲಾದೀತೇ? ನಡುಕ ಮ್ಯಾನೇಜರರ ಕಣ್ಣಿಗೆ ಬಿದ್ದರೆ ಉಳಿದ ಏಳು ಶಾಖೆಗಳ ಗೋಡೆಗಳೂ ಸ್ಟಿಕ್ಕರಿನವರ ಪಾಲು.

“ಲ್ವೇರ್,” ಎಂದರು ಮ್ಯಾನೇಜರ್, ತುಟಿ ಮುಂದೆ ಮಾಡಿ. “ಮಾಡಿದ ದೇಶದಲ್ಲಿ ಹೀಗೇ ಅನ್ನೋದು. ಟ್ರೈನಿಂಗಲ್ಲಿ ಹೇಳಿಕೊಟ್ಟಿದ್ದಾರೆ.”

“ಪಕ್ಕದ ರಾಜ್ಯದ ಪೇಪರಲ್ಲಿ ಲುಯೇರಾ ಅಂತ ಹಾಕಿದ್ರು ಸಾರ್,” ಎಂದಳು ಕೌಂಟರಿನವಳು.

ಕಾರು ಒರೆಸುತ್ತಿದ್ದ ಡ್ರೈವರ್ ನಕ್ಕ. “ನಮ್ಮ ಟ್ಯಾಕ್ಸಿ ಸ್ಟ್ಯಾಂಡಲ್ಲಿ ಎಲ್ರಿಗೂ ಅದು ಲೂರಿ. ಲ್ವೇರ್ ಅಂದ್ರೆ, ಇವನಿಗೆ ವಾಂತಿ ಬಂತೇನೋ ಅಂತ ದೂರ ಸರೀತಾರೆ!”

ಮ್ಯಾನೇಜರೂ ನಕ್ಕುಬಿಟ್ಟರು. ನಗು ಮುಗಿಯಿತು. ಮೂರು ಹೆಸರಿಗೂ ಮೊದಲು ಬರುವ ‘ಲ’ ಬರೆಯಲು ಅಪ್ಪ ಏಣಿ ಹತ್ತಿದರು. ಬ್ರಷ್ ಗೋಡೆ ಮುಟ್ಟುವ ಮೊದಲೇ ನೀಲಿ ಬಣ್ಣ ಅವರ ತೋಳಿನ ಮೇಲೆ ಚಿಮ್ಮಿತು. ಮತ್ತೊಮ್ಮೆ ಚಿಮ್ಮಿತು.

ಅಪ್ಪ ಇಳಿದು ಬಂದು ಬ್ರಷ್ಷನ್ನು ಮಗಳ ಕೈಗಿಟ್ಟರು.

“ಎಂಟು ತಿಂಗಳಿಂದ ಪೇಂಟರ್ ಇವಳೇ ಸಾರ್. ನಿಮ್ಮ ಕ್ಯಾಬಿನ್ ಬೋರ್ಡೂ ಇವಳದೇ.”

ಮ್ಯಾನೇಜರ್ ತಿರುಗಿ ತಮ್ಮ ಕ್ಯಾಬಿನ್ನಿನ ಬಾಗಿಲು ನೋಡಿದರು.

“ಹತ್ತಮ್ಮ,” ಎಂದರು.

ಹತ್ತಿದಳು. ಮೇಲಿನಿಂದ ಎಲ್ಲರ ನೆತ್ತಿಗಳು ಕಾಣುತ್ತಿದ್ದವು. ಅಲ್ಲಿಂದಲೇ ಕೇಳಿದಳು: “ಟ್ರೈನಿಂಗಿಂದು ಬೇಡ ಸಾರ್. ಈ ಕಾರು ನಿಮ್ಮ ಮನೆಗೆ ಬಂದ್ರೆ ಏನಂತ ಕರೀತೀರೋ ಅದನ್ನ ಹೇಳಿ.”

ಮ್ಯಾನೇಜರ್ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಅತ್ತಿತ್ತ ನೋಡಿದರು. “ಲೂ...” ಎಂದೇನೋ ಗೊಣಗಿದರು.

“ಕೇಳಿಸಲಿಲ್ಲ ಸಾರ್. ಸ್ವಲ್ಪ ಜೋರಾಗಿ.”

ಏಣಿಗೆ ಭುಜ ಕೊಟ್ಟು ನಿಂತಿದ್ದ ಅಪ್ಪ ತಲೆ ಎತ್ತಲಿಲ್ಲ. ಅವಳು ಬ್ರಷ್ಷನ್ನು ಡಬ್ಬದ ಅಂಚಿಗೆ ಒಮ್ಮೆ ಒರೆಸಿಕೊಂಡು ಕಾದಳು.